ಫಕ್ಕೀರೇಶ ಅಂತ ಇಲ್ಲಿ ಯಾರೂ ಇಲ್ಲ

ಕಳೆದ ಬೇಸಿಗೆಯಲ್ಲಿ ಅವ್ವ ಬೆಟಗೇರಿಯಿಂದ ಒಬ್ಬಳೇ ಬೆಂಗಳೂರಿಗೆ ಬಂದಳು. ಬರ್ತೀನಿ ಅಂತ ಹೇಳಿದ್ದು ಶನಿವಾರ, ಬಂದದ್ದು ಶುಕ್ರವಾರ. ಅದು ಅವಳ ಪದ್ಧತಿ. ಒಂದು ಕೈಯಲ್ಲಿ ಕಡಕ್ ರೊಟ್ಟಿಯ ಗಂಟು, ಇನ್ನೊಂದರಲ್ಲಿ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ತುಂಬಿದ ಡಬ್ಬಿಗಳ ಚೀಲ. ಸೆರಗಿನ ತುದಿಯಲ್ಲಿ ಅಪ್ಪ ಬರೆದುಕೊಟ್ಟ ಚೀಟಿ. ಚೀಟಿಯಲ್ಲಿ ನನ್ನ ಹೆಸರಿತ್ತು, ಅಪಾರ್ಟ್‌ಮೆಂಟಿನ ಹೆಸರಿತ್ತು, ಫ್ಲ್ಯಾಟ್ ನಂಬರ್ ಬರೆಯೋದನ್ನ ಅಪ್ಪ ಮರೆತಿದ್ದ.

ಗೇಟಿನಲ್ಲಿದ್ದ ಹುಡುಗ ತನ್ನ ಫೋನಿನ ಆ್ಯಪ್‌ನಲ್ಲಿ ಹುಡುಕಿ ಹೇಳಿದ್ದಾನೆ: "ಫಕ್ಕೀರೇಶ ಅಂತ ಇಲ್ಲಿ ಯಾರೂ ಇಲ್ಲ." ಅವನ ತಪ್ಪೇನೂ ಇಲ್ಲ. ಆ ಆ್ಯಪ್‌ನಲ್ಲಿ ನಾನು 'ಈಶ್'. ಆಫೀಸಿನ ಚಾಟ್‌ನಲ್ಲೂ ಈಶ್, ಆರ್ಡರ್ ಮಾಡಿದ ಬಿರಿಯಾನಿ ಪಾರ್ಸೆಲ್ ಮೇಲೂ ಈಶ್. ನಾನು ಆಗ ಕ್ಲೈಂಟ್ ಕಾಲ್‌ನಲ್ಲಿದ್ದೆ, ಫೋನ್ ಸೈಲೆಂಟ್. ಹನ್ನೊಂದು ಮಿಸ್ಡ್ ಕಾಲ್ ನೋಡಿ ಓಡಿಹೋದಾಗ ಅವ್ವ ಗೇಟಿನ ಹೊರಗೆ, ಚರಂಡಿಯ ಕಟ್ಟೆ ಮೇಲೆ, ರೊಟ್ಟಿ ಗಂಟು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ಒಂದು ತಾಸಿನ ಮೇಲಾಗಿತ್ತು.

ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. ಲಿಫ್ಟಿನಲ್ಲಿ ಕೇಳಿದಳು, "ಈಶ ಅಂದ್ರ ಯಾರಪಾ?"

ಇದಕ್ಕೆ ಉತ್ತರ ಹೇಳೋಕೆ ನನಗೆ ಹನ್ನೆರಡು ವರ್ಷ ಹಿಂದಕ್ಕೆ ಹೋಗಬೇಕು. ಇಂಜಿನಿಯರಿಂಗ್ ಮೊದಲ ವರ್ಷ, ಬೆಂಗಳೂರಿನ ಕಾಲೇಜು, ಮೊದಲ ದಿನದ ಹಾಜರಿ. ನನ್ನ ಹೆಸರಿನ ಮೊದಲ ತುಂಡು ಇಂಗ್ಲಿಷಿನ ಒಂದು ಬೈಗುಳದ ಪಕ್ಕದ ಮನೆಯದು ಅಂತ ಗದಗಿನಲ್ಲಿ ಹದಿನೆಂಟು ವರ್ಷ ಇದ್ದರೂ ನನಗೆ ಗೊತ್ತಿರಲಿಲ್ಲ. ಅವತ್ತು ಅರವತ್ತು ಜನ ಒಟ್ಟಿಗೆ ತಿಳಿಸಿಕೊಟ್ಟರು. ಮುಂದೆ ಒಂದು ವೆಬ್‌ಸೈಟ್ ಕೂಡ ನನ್ನ ಹೆಸರನ್ನು 'ಅಸಭ್ಯ ಪದ' ಅಂತ ತಿರಸ್ಕರಿಸಿತು. ಈಗ ನಾನೇ ಅಂಥ ಫಿಲ್ಟರ್‌ಗಳಿಗೆ ಕೋಡ್ ಬರೆಯುತ್ತೇನೆ, ಹಾಗಾಗಿ ಆ ಇಂಜಿನಿಯರ್ ಮೇಲೆ ಸಿಟ್ಟಿಲ್ಲ. ಆವಾಗ ಮಾತ್ರ ಸಿಟ್ಟಿತ್ತು, ಅದೂ ಅಪ್ಪ-ಅವ್ವನ ಮೇಲೆ. ರಾಕೇಶ ಅಂತ ಇಟ್ಟಿದ್ದರೆ ಏನಾಗುತ್ತಿತ್ತು? ಎರಡನೇ ಸೆಮಿಸ್ಟರ್ ಹೊತ್ತಿಗೆ ಹೆಸರಿನ ತಲೆ ಕತ್ತರಿಸಿ ಬಾಲ ಇಟ್ಟುಕೊಂಡೆ. ಈಶ್.

ಇಷ್ಟೇ ಆಗಿದ್ದರೆ ಹುಡುಗಾಟ ಅಂತ ಬಿಡಬಹುದಿತ್ತು. ಕೆಲಸ ಸಿಕ್ಕ ಹೊಸದರಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದೆ. ಒಬ್ಬ ಮಾಲೀಕರಿಗೆ ಫೋನ್ ಮಾಡಿ ಪೂರ್ತಿ ಹೆಸರು ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಮನೆ ನಿನ್ನೆನೇ ಹೋಯ್ತಲ್ಲ" ಅಂದರು. ಮರುದಿನ ಗೆಳೆಯನ ಫೋನಿನಿಂದ ಮತ್ತೆ ಮಾಡಿದೆ. ಈಶ್ ಅಂದೆ, ಗದಗ ಕಡೆಯವರು ಅಂದೆ, ಕೇಳದೇ ಇದ್ದರೂ ಲಿಂಗಾಯತರು ಅಂದೆ. ಮನೆ ಖಾಲಿ ಇತ್ತು. ಆ ಮನೆಯಲ್ಲಿ ಮೂರು ವರ್ಷ ಇದ್ದೆ. ನೀರು ಚೆನ್ನಾಗಿ ಬರುತ್ತಿತ್ತು.

ಆವಾಗ ಅದನ್ನು ಜಾಣತನ ಅಂತಲೇ ಗೆಳೆಯರಿಗೆ ಹೇಳಿ ನಕ್ಕಿದ್ದೆ. ಮುಂದೆ ಒಂದು ದಿನ ಲಕ್ಷ್ಮೇಶ್ವರದಿಂದ ಒಬ್ಬ ಹುಡುಗನ ಫೋನ್ ಬಂತು. ಅವ್ವನ ತವರು ಲಕ್ಷ್ಮೇಶ್ವರ, ಅವನ ಅಜ್ಜ ಅಲ್ಲಿ ನಮ್ಮ ಅಜ್ಜನ ಮನೆಯ ಗೋಡೆಗೆ ಗೋಡೆ. "ಅಣ್ಣಾ, ಇಲ್ಲೆ ಕೆಲಸ ಸಿಕ್ಕೈತಿ, ರೂಮಷ್ಟೇ ಸಿಗವಲ್ದು. ನಿಮ್ಮ ಓನರ್‌ಗೆ ಒಂದ್ಮಾತು ಹೇಳ್ತೀರೇನು?" ಮೇಲಿನ ಮಹಡಿ ಖಾಲಿ ಇತ್ತು. ನೋಡ್ತೀನಿ ತಮ್ಮಾ ಅಂದೆ. ನೋಡಲಿಲ್ಲ.

ಆ ಹುಡುಗನ ಅಜ್ಜನ ಹೆಸರು ಫಕ್ಕೀರಸಾಬ.

ಈಗ ಆಫೀಸಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನನ್ನ ತಲೆಯಲ್ಲಿ ಹುಳ ಬಿಟ್ಟದ್ದು ಅಲ್ಲಿ. ನಮ್ಮ ಪ್ರಾಜೆಕ್ಟಿನಲ್ಲಿ ಜರ್ಮನಿಯ ಒಬ್ಬರಿದ್ದಾರೆ, ವಿಲ್ಹೆಲ್ಮ್. ಡಬ್ಲಿನ್‌ನಿಂದ ಒಬ್ಬ, ಲಿಯಮ್. ಅವ್ವ ಬಂದು ಹೋದ ಕೆಲವು ದಿನಕ್ಕೆ, ಮೀಟಿಂಗಿನಲ್ಲಿ ಉಳಿದವರು ಸೇರೋವರೆಗೆ ಹರಟೆ ಹೊಡೆಯುತ್ತಾ ಲಿಯಮ್ ಹೇಳಿದ, "ಇವರದೂ ನನ್ನದೂ ಒಂದೇ ಹೆಸರು, ಗೊತ್ತಾ? ನನ್ನದು ಅವರ ಹೆಸರಿನ ಹಿಂದಿನ ತುಂಡು."

ಆಮೇಲೆ ನಾನೇ ಹುಡುಕಿ ಓದಿದೆ. ಹಳೆಯ ಜರ್ಮನಿಕ್ ಭಾಷೆಗಳಲ್ಲಿ 'ವಿಲ್' ಅಂದರೆ ಇಚ್ಛೆ, ಛಲ. 'ಹೆಲ್ಮ್' ಅಂದರೆ ಶಿರಸ್ತ್ರಾಣ. ಎರಡೂ ಸೇರಿ ಜರ್ಮನಿಯಲ್ಲಿ ವಿಲ್ಹೆಲ್ಮ್, ಹಾಲೆಂಡಿನಲ್ಲಿ ವಿಲೆಮ್, ಇಂಗ್ಲಿಷಿನಲ್ಲಿ ವಿಲಿಯಂ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ ದೊರೆ ಇದೇ ವಿಲಿಯಂ. ಅವನ ಕಡೆಯ ನಾರ್ಮನ್ನರು 1169ರಲ್ಲಿ ಐರ್ಲೆಂಡಿಗೂ ಕತ್ತಿ ಹಿಡಿದು ಹೋದರು, ಹೋಗುವಾಗ ಹೆಸರನ್ನೂ ಒಯ್ದರು. ಐರಿಷರ ಹಳೆಯ ವರ್ಣಮಾಲೆಯಲ್ಲಿ ಡಬ್ಲ್ಯೂ ಅಕ್ಷರವೇ ಇರಲಿಲ್ಲ. ಅವರು ತಮ್ಮ ಅಕ್ಷರಗಳಲ್ಲಿ ಅದನ್ನು ಉಲ್ಲಿಯಮ್ ಅಂತ ಬರೆದುಕೊಂಡರು, ಕಾಲಕ್ರಮೇಣ ತಲೆ ಕಡಿದು ಲಿಯಮ್ ಮಾಡಿಕೊಂಡರು. ಗೆಲ್ಲೋಕೆ ಬಂದವರ ಹೆಸರು ಇವತ್ತು ಐರಿಷರಲ್ಲೇ ಐರಿಷ್ ಹೆಸರು. ಅಮೆರಿಕದಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರುಗಳ ಸರ್ಕಾರಿ ಪಟ್ಟಿಯಲ್ಲಿ 2017ರಿಂದ ವರ್ಷವರ್ಷವೂ ಮೊದಲ ಸ್ಥಾನ ಈ ಅರ್ಧ ಹೆಸರಿಗೇ.

ಅವತ್ತು ಕಾಲ್‌ನಲ್ಲಿ ಲಿಯಮ್ ನನ್ನನ್ನೂ ಕೇಳಿದ, "ಈಶ್ ಅಂದರೆ ಏನು?"

ಒಡೆಯ, ದೇವರು ಅಂದೆ. ಭಾರೀ ಹೆಸರು ಅಂದ. ಇದೂ ಹಿಂದಿನ ತುಂಡೇ ಅಂತ ನಾನು ಹೇಳಲಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಬಂದರು.

ಕಡಿದು ಬಿಸಾಕಿದ ಮುಂದಿನ ತುಂಡಿನ ಬಗ್ಗೆ ನಾನು ಓದಿದ್ದು ಆ ರಾತ್ರಿ, ನನ್ನ ಮೂವತ್ತನೇ ವಯಸ್ಸಿನಲ್ಲಿ. ಅರಬಿಯಲ್ಲಿ 'ಫಕ್ರ್' ಅಂದರೆ ಬಡತನ, ಇಲ್ಲದಿರುವುದು. ಫಕೀರ್ ಅಂದರೆ ಇಲ್ಲದವನು. ಸೂಫಿಗಳು ಅದನ್ನೇ ದೇವರ ಮುಂದೆ ಬರಿಗೈಯಲ್ಲಿ ನಿಂತವನು ಅಂತ ಮಾಡಿಕೊಂಡರು, ಆ ಅರ್ಥದಲ್ಲೇ ಪದ ಪಾರಸಿಯನ್ನು ದಾಟಿ ದಖ್ಖನಿಗೆ ಬಂತು. ಹಳೆಯ ಅರಬಿ ನಿಘಂಟುಕಾರರು ಇದಕ್ಕೆ ಇನ್ನೊಂದು ಬೇರನ್ನೂ ತೋರಿಸುತ್ತಾರೆ. ಬೆನ್ನುಮೂಳೆಯ ಮಣಿಗೂ ಅದೇ ಮೂರು ವ್ಯಂಜನಗಳ ಧಾತು. ಹಾಗಾಗಿ ಫಕೀರ ಅಂದರೆ ಬೆನ್ನು ಮುರಿದವನು.

ಇದನ್ನು ಓದಿ ಫೋನ್ ಕೆಳಗಿಟ್ಟೆ. ನಮ್ಮಪ್ಪ ಬೆಟಗೇರಿಯಲ್ಲಿ ಕೈಮಗ್ಗದ ಮುಂದೆ ಕೂತವನು. ಐವತ್ತೈದಕ್ಕೆ ಅವನ ಬೆನ್ನು ಹೋಯಿತು. ಈಗ ನೆಟ್ಟಗೆ ಕೂತು ಊಟ ಮಾಡಲಿಕ್ಕೂ ಗೋಡೆ ಬೇಕು. ನನ್ನ ನಾಲ್ಕು ವರ್ಷದ ಫೀ ಆ ಬೆನ್ನಿನದು.

ಮುಂದಿನ ತಿಂಗಳು ರಜೆ ಹಾಕಿ ಊರಿಗೆ ಹೋದೆ. ಹೆಸರಿನ ಬಗ್ಗೆ ಕೇಳೋಕೆ ಬಂದೀನಿ ಅಂತ ಹೇಳಲಿಲ್ಲ, ಅವ್ವ ತಾನಾಗೇ ಶಿರಹಟ್ಟಿಗೆ ಹೊರಡಿಸಿದಳು. ಗದಗದಿಂದ ಬಸ್ಸು. ಕಿಟಕಿ ಪಕ್ಕ ಅವಳು.

ನಮ್ಮ ಕಡೆ ಹೆಸರು ಕೇಳಿದರೆ ಅವರವ್ವ ಯಾವ ಬಾಗಿಲಲ್ಲಿ ಬೇಡಿಕೊಂಡಳು ಅನ್ನೋದು ಗೊತ್ತಾಗಿಬಿಡುತ್ತೆ. ತೋಂಟದಾರ್ಯ ಅಂದರೆ ಗದಗಿನ ಮಠ. ಮುಂಡರಗಿಯಲ್ಲಿರುವ ನಮ್ಮತ್ತಿಯ ಮಗ ಅನ್ನದಾನಪ್ಪ, ಅಲ್ಲಿ ಅನ್ನದಾನೀಶ್ವರ ಮಠ. ಗವಿಸಿದ್ದಪ್ಪ ಇದ್ದರೆ ಕೊಪ್ಪಳದ ಕಡೆ ಸಂಬಂಧ ಇದೆ ಅಂತಲೇ ಲೆಕ್ಕ. ನವಲಗುಂದ ತಾಲ್ಲೂಕಿನ ಯಮನೂರಿನಲ್ಲಿ ಹಿಂದೂಗಳು ಚಾಂಗದೇವ ಅಂತಲೂ ಮುಸಲ್ಮಾನರು ರಾಜಾಬಾಗ ಸವಾರ ಅಂತಲೂ ಒಬ್ಬರಿಗೇ ನಡೆದುಕೊಳ್ಳುತ್ತಾರೆ. ಅಲ್ಲಿ ಹರಕೆ ಹೊತ್ತರೆ ಒಂದು ಮನೆಯಲ್ಲಿ ಯಮನೂರಪ್ಪ, ಪಕ್ಕದ ಮನೆಯಲ್ಲಿ ಯಮನೂರಸಾಬ. ಫಕ್ಕೀರಪ್ಪ, ಫಕ್ಕೀರವ್ವ, ಫಕ್ಕೀರಗೌಡ, ಫಕ್ಕೀರಯ್ಯ, ಫಕ್ಕೀರೇಶ ಇದ್ದರೆ ಅದು ಶಿರಹಟ್ಟಿ.

ಶಿರಹಟ್ಟಿಯ ಫಕ್ಕೀರೇಶ್ವರ ಮಠದ ಸ್ವಾಮಿಗಳ ಹೆಸರಿನ ಮುಂದೆ ಇವತ್ತಿಗೂ 'ಫಕೀರ' ಇರುತ್ತೆ. ದ್ವೇಷ ಬಿಡು, ಪ್ರೀತಿ ಮಾಡು ಅನ್ನೋದು ಮಠದ ಮಾತು. ಬಸ್ಸಿನಲ್ಲಿ ಅವ್ವ ಮಠದ ಕಥೆಯನ್ನು ಮತ್ತೆ ಹೇಳಿದಳು. ಸಣ್ಣವನಿದ್ದಾಗ ನೂರು ಸಲ ಕೇಳಿದ್ದೆ, ಈ ಸಲ ಕಿವಿಗೊಟ್ಟು ಕೇಳಿದೆ. ಮಕ್ಕಳಿಲ್ಲದ ಲಿಂಗಾಯತ ಗಂಡ-ಹೆಂಡತಿ ವಿಜಾಪುರದ ಸೂಫಿ ಸಂತ ಖ್ವಾಜಾ ಅಮೀನುದ್ದೀನರ ಹತ್ತಿರ ಹೋಗುತ್ತಾರೆ. ಮಗು ಆಗುತ್ತೆ, ಆದರೆ ಮೊದಲ ಮಗುವನ್ನು ನನಗೆ ಕೊಡಬೇಕು ಅಂತಾರೆ ಅವರು. ಮಾತಿನಂತೆ ಕೊಡುತ್ತಾರೆ. ಆ ಮಗು ಚೆನ್ನವೀರ, ಅವನೇ ಫಕೀರನಾಗಿ ಶಿರಹಟ್ಟಿಗೆ ಬಂದ.

"ಕೊಟ್ಟ ಆ ತಾಯಿಗೆ ಹೆಂಗಾಗಿರಬೇಕು ಬೇ?" ಅಂದೆ.

ಅವ್ವ ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಆಮೇಲೆ ಹೇಳಿದ್ದು ಮಠದ ಕಥೆಯಲ್ಲ. ನನಗಿಂತ ಮೊದಲು ಎರಡು ಕೂಸು ಉಳಿಯಲಿಲ್ಲ ಅಂತ ನನಗೆ ಗೊತ್ತಿತ್ತು. ಎರಡನೆಯದು ಹನ್ನೊಂದು ದಿನ ಇತ್ತು ಅಂತ ಗೊತ್ತಿರಲಿಲ್ಲ. ಅದಕ್ಕೆ ಚೆಂದದ ಹೆಸರೊಂದನ್ನು ಅಪ್ಪ ಮೊದಲೇ ಆರಿಸಿಟ್ಟಿದ್ದನಂತೆ. "ಆ ಹೆಸರು ಈಗ ನಾ ಹೇಳೂದಿಲ್ಲ" ಅಂದಳು. ನಾನು ಹೊಟ್ಟೆಯಲ್ಲಿದ್ದಾಗ ಅವಳು ಶಿರಹಟ್ಟಿಗೆ ಬಂದು ಉಡಿ ಒಡ್ಡಿದಳು. ಊರಿಗೆ ಮರಳಿ ಐದು ಮನೆಯಲ್ಲಿ ಜೋಳ ಬೇಡಿದಳು. ಮಗ್ಗದ ಮನೆಯ ಸೊಸೆ, ಯಾರ ಮುಂದೂ ಕೈ ಚಾಚಿದವಳಲ್ಲ. "ಬೇಡಿ ಪಡದ ಕೂಸಿಗೆ ಬೇಡುವವನ ಹೆಸರಽ ಇಡಬೇಕಪಾ. ಅಂದ್ರ ದೇವರ ಕಣ್ಣಿಗೆ ಇದು ದೊಡ್ಡಸ್ತಿಕಿ ಕೂಸು ಅನಸೂದಿಲ್ಲ, ಬಿಟ್ಟು ಹೋಗ್ತಾನ."

ತಿಪ್ಪಣ್ಣ, ತಿಪ್ಪವ್ವ ಅಂತ ಯಾಕೆ ಹೆಸರಿಡ್ತಾರೆ ಅಂತ ನನಗೆ ಗೊತ್ತಿತ್ತು, ತಿಪ್ಪೆಯ ಹೆಸರಿಟ್ಟರೆ ಸಾವು ಮೂಸಿ ನೋಡಲ್ಲ ಅಂತ. ನನ್ನದೂ ಅದೇ ಜಾತಿಯ ಹೆಸರು ಅಂತ ಯಾವತ್ತೂ ಹೊಳೆದಿರಲಿಲ್ಲ. ಅಪ್ಪ ಮಾತ್ರ ಕೊನೆಗೆ 'ಈಶ' ಸೇರಿಸಿ ಸ್ವಲ್ಪ ಪಾಲಿಶ್ ಮಾಡಿದ್ದಾನೆ.

ಆ ಪಾಲಿಶ್ ಬಗ್ಗೆ ಒಂದು ಮಾತು. ಫಕೀರ ಮತ್ತು ಈಶ ಸೇರಿ ಫಕೀರೇಶ. ಅಕಾರದ ಮುಂದೆ ಈಕಾರ ಬಂದು ಏಕಾರ, ಅಚ್ಚುಕಟ್ಟಾದ ಗುಣಸಂಧಿ. ಆದರೆ ಗುಣಸಂಧಿಗೆ ಎರಡೂ ಪದ ಸಂಸ್ಕೃತದ್ದಾಗಿರಬೇಕು ಅಂತ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಹೇಳಿಕೊಟ್ಟಿದ್ದರು. ಅರಬಿಗೂ ಸಂಸ್ಕೃತಕ್ಕೂ ಸಂಧಿ ಮಾಡಿದ್ದಕ್ಕೆ ಅವರು ಸೊನ್ನೆ ಕೊಡುತ್ತಿದ್ದರು. ಜನ ಅವರನ್ನು ಕೇಳದೇ ಮಾಡಿಬಿಟ್ಟಿದ್ದಾರೆ. ಇನ್ನು ನಡುವಿನ ಆ 'ಕ್ಕೀ' ಒತ್ತು ಅರಬಿಯಲ್ಲಿಲ್ಲ, ಅದು ನಮ್ಮ ನಾಲಿಗೆ ಕೊಟ್ಟದ್ದು. ನಮ್ಮ ಹಿರಿಯರ ನಾಲಿಗೆಗೆ ಫಕಾರವೂ ಭಾರ. ಆಯಿ ಸಾಯೋತನಕ ನನ್ನನ್ನು 'ಪಕ್ಕೀರ' ಅಂತಲೇ ಕರೆದಳು. ಡಬ್ಲ್ಯೂ ಇಲ್ಲದ ಐರಿಷರು ಮಾಡಿದ್ದೂ ಇದನ್ನೇ ಅಲ್ಲವೆ? ಇದರ ಫಲ ಅಂದರೆ, ಇಂಗ್ಲಿಷಿನಲ್ಲಿ ಹತ್ತನೇ ತರಗತಿ ಅಂಕಪಟ್ಟಿಯ ಸ್ಪೆಲ್ಲಿಂಗ್ ಒಂದು, ಆಧಾರ್ ಇನ್ನೊಂದು, ಪ್ಯಾನ್ ಮತ್ತೊಂದು. ಪಾಸ್‌ಪೋರ್ಟ್ ಮಾಡಿಸುವಾಗ ಅಫಿಡವಿಟ್ ಬರೆಸಿಕೊಟ್ಟ ವಕೀಲರಿಗೆ ನನ್ನಿಂದ ಒಳ್ಳೆಯ ವ್ಯಾಪಾರ ಆಯಿತು.

ಗದ್ದಿಗೆಗೆ ಕೈಮುಗಿದು, ಮಠದಲ್ಲಿ ಪ್ರಸಾದ ಮುಗಿಸಿ, ಮಧ್ಯಾಹ್ನ ಲಕ್ಷ್ಮೇಶ್ವರಕ್ಕೆ ಹೋದೆವು. ಅದು ಹಳೆಯ ಪುಲಿಗೆರೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡು ಅಂತ ಗುರುತಿಸುವ ನಾಲ್ಕು ಊರುಗಳಲ್ಲಿ ಒಂದು, ಉಳಿದವು ಪಟ್ಟದಕಲ್ಲು, ಕೊಪ್ಪಳ ಮತ್ತು ಒಕ್ಕುಂದ. ಆ ತಿರುಳಿನ ಊರಿನಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ದೂದಪೀರ ದರ್ಗಾ ಎಲ್ಲವೂ ಇವೆ. ಸಣ್ಣವನಿದ್ದಾಗ ಮೊಹರಂ ಬಂದರೆ ನನ್ನನ್ನು ಇಲ್ಲಿಗೇ ಕಳಿಸುತ್ತಿದ್ದರು. ಕೊರಳಿಗೆ ಕೆಂಪು ಲಾಡಿ ಹಾಕಿ ಫಕೀರನನ್ನಾಗಿ ಮಾಡುತ್ತಿದ್ದರು. ಸಣ್ಣ ಜೋಳಿಗೆ ಹಿಡಿದು ಐದು ಮನೆ ತಿರುಗಬೇಕು. ನನ್ನ ಹಾಗೆ ಓಣಿಯಲ್ಲಿ ಇನ್ನೂ ಏಳೆಂಟು ಹುಡುಗರು, ಯಾರ ಮನೆಯವರು ಯಾರು ಅಂತ ಲಾಡಿ ನೋಡಿ ಹೇಳಲಾಗುತ್ತಿರಲಿಲ್ಲ. ನನಗೆ ಆಸೆ ಇದ್ದದ್ದು ಫಕ್ಕೀರಸಾಬ ಕಾಕಾನ ಮನೆಯ ಚೊಂಗೆ ಮೇಲೆ. ಅವರು ಬಾಗಿಲಲ್ಲೇ ಕಾಯುತ್ತಾ, "ಬಾರೋ ನನ್ನ ಹೆಸರಿನವನ" ಅನ್ನುತ್ತಿದ್ದರು.

ಕಾಕಾ ಪಿಂಜಾರರು. ಹತ್ತಿ ಎಕ್ಕಿ ಗಾದಿ ತುಂಬುವ ಕೆಲಸ. ನನ್ನ ತೊಟ್ಟಿಲಿಗೆ ಗಾದಿ ಮಾಡಿಕೊಟ್ಟವರು ಅವರೇ, ಹೆಸರಿನವನು ಅಂತ ದುಡ್ಡು ಮುಟ್ಟಲಿಲ್ಲವಂತೆ. ಈಗ ಎಂಬತ್ತರ ಹತ್ತಿರ. ಕಣ್ಣು ಮಂಜು. ಅವ್ವ ದನಿ ಮಾಡಿದ ಕೂಡಲೇ ಗುರುತು ಹಿಡಿದರು.

"ಕಾಕಾ, ಆರಾಮ ಅದೀರೇನ್ರೀ?"

"ಯಾರು, ಫಕ್ಕೀರನ? ದನಿ ಭಾಳ ಬೆಂಗಳೂರಾಗೇತಿ ನಿಂದು."

ಚಹಾ ಬಂತು. ಹೆಸರಿನ ಅರ್ಥ ಓದಿದ್ದನ್ನು ಹೇಳಿದೆ, ಬೆನ್ನು ಮುರಿದವನು ಅಂತ. ಕಾಕಾ ನಕ್ಕು ತಮ್ಮ ಬಾಗಿದ ಬೆನ್ನು ತೋರಿಸಿದರು. 'ಸಾಬ' ಅನ್ನೋದರ ಮೂಲ ಸಾಹಿಬ್, ಅರಬಿಯಲ್ಲಿ ಅದಕ್ಕೆ ಮೊದಲ ಅರ್ಥ ಜೊತೆಗಾರ ಅಂತ, ಒಡೆಯ ಅನ್ನೋ ಅರ್ಥ ಆಮೇಲಿನದು ಅಂತ ಹೇಳಿದೆ. ಅದನ್ನು ಅವರು ಕೇಳಿಸಿಕೊಂಡರೋ ಇಲ್ಲವೋ. ಸ್ವಲ್ಪ ಹೊತ್ತಾದ ಮೇಲೆ ಸಹಜವಾಗಿ ಕೇಳಿದರು, "ನಮ್ಮ ಹುಡುಗನೂ ಅಲ್ಲೇ ಬೆಂಗಳೂರಾಗ ಅದಾನ. ಭೆಟ್ಟಿ ಆಗ್ತಿರ್ತೀರೇನು?"

ಇಲ್ಲ ಕಾಕಾ ಅಂದೆ. ನನ್ನ ಕೈಯಲ್ಲಿದ್ದ ಕಪ್ಪನ್ನು ಅವ್ವ ನೋಡುತ್ತಿದ್ದಳು. ಮನೆ ಮಾಲೀಕರ ಕಥೆ ಅವಳಿಗೆ ನಾನು ಹೇಳಿರಲಿಲ್ಲ, ಈಗಲೂ ಹೇಳಿಲ್ಲ. ಈ ಅಂಕಣ ಅವಳಿಗೆ ಯಾರಾದರೂ ಓದಿ ಹೇಳಿದರೆ ಗೊತ್ತಾಗಲಿ.

ವಾಪಸ್ ಬಂದ ಮೇಲೆ ಆ ಹುಡುಗನಿಗೆ ಫೋನ್ ಮಾಡಿದೆ. ಅವನಿಗೆ ಎಂದೋ ರೂಮ್ ಸಿಕ್ಕಿತ್ತು, ಆಫೀಸಿನಿಂದ ಎರಡು ಬಸ್ ಬದಲಿಸುವಷ್ಟು ದೂರ. "ನಡೀತೈತಿ ಅಣ್ಣಾ" ಅಂದ. ಒಂದು ಭಾನುವಾರ ಊಟಕ್ಕೆ ಬಂದ. ಅವತ್ತು ರೂಮಿನ ವಿಷಯ ಅವನು ಎತ್ತಲಿಲ್ಲ. ನಾನೇ ಎತ್ತಿದೆ. ಓನರ್‌ಗೆ ನಾನು ಕೇಳಲೇ ಇಲ್ಲ ತಮ್ಮಾ ಅಂದೆ. "ಗೊತ್ತಿತ್ತಣ್ಣಾ" ಅಂದ, ಮಜ್ಜಿಗೆ ಹಾಕಿಸಿಕೊಂಡ.

ಹೆಸರು ಬದಲಿಸೋದು ಎರಡು ನಿಮಿಷದ ಕೆಲಸ. ಚಾಟ್‌ನಲ್ಲಿ, ಗೇಟಿನ ಆ್ಯಪ್‌ನಲ್ಲಿ, ಮೇಲ್‌ನ ಕೆಳಗಿನ ಸಹಿಯಲ್ಲಿ ಪೂರ್ತಿ ಹೆಸರು ಹಾಕಿದೆ. ಜನಕ್ಕೆ ರೂಢಿಯಾಗಲು ಮೂರು ವಾರ ಹಿಡಿಯಿತು. ಹೆಂಡತಿ ಮೈಸೂರಿನವಳು, ಅವಳು ಈಶ ಅಂತಲೇ ಕರೆಯುತ್ತಾಳೆ, ಅದು ಅವಳಿಗೆ ಬಿಟ್ಟದ್ದು. ಲಿಯಮ್ ನಾಲ್ಕು ಸಲ ಪ್ರಯತ್ನ ಮಾಡಿ 'ಫಕೀರೆಶ್' ತನಕ ಬಂದ. ಅರ್ಥ ಕೇಳಿದಾಗ ಈ ಸಲ ಬಡವರ ಒಡೆಯ ಅಂತ ಪೂರ್ತಿ ಹೇಳಿದೆ. ಹಳೆಯ ಆ ಬೈಗುಳದ ಜೋಕು ಒಬ್ಬ ಹೊಸ ಹುಡುಗ ಮಾಡಿದ, ಯಾರೂ ಜೋರಾಗಿ ನಗಲಿಲ್ಲ.

ದೀಪಾವಳಿ ಹೊತ್ತಿಗೆ ಅವ್ವ ಮತ್ತೆ ಬಂದಳು, ಹೇಳಿದ್ದಕ್ಕಿಂತ ಒಂದು ದಿನ ಮೊದಲೇ. ಗೇಟಿನಿಂದ ಫೋನ್ ಬಂತು. ಅದೇ ಹುಡುಗ, ಒಡಿಶಾದವನು, ಅರ್ಧ ಹಿಂದಿ ಅರ್ಧ ಕನ್ನಡ. "ಸರ್, ನಿಮ್ಮ ಅಮ್ಮ. ಕಳಿಸ್ತೀನಿ." ನಾನೇ ಇಳಿದು ಹೋದೆ. ಚೀಲ ಎತ್ತಿಕೊಳ್ಳುವಾಗ ಅವನು ನಗುತ್ತಾ ಕೇಳಿದ, "ನಿಮ್ಮದು ಫಕೀರ್ ಹೆಸರಾ ಸರ್? ನಮ್ಮಲ್ಲಿ ಫಕೀರ್ ಮೋಹನ್ ಇದ್ದಾರೆ. ಸ್ಕೂಲ್ ಬುಕ್‌ನಲ್ಲಿ ಓದಿದ್ದೀನಿ."

ಲಿಫ್ಟಿನಲ್ಲೇ ಹುಡುಕಿದೆ. ಫಕೀರ್ ಮೋಹನ್ ಸೇನಾಪತಿ, ಒಡಿಯಾ ಸಾಹಿತ್ಯದ ದೊಡ್ಡ ಕಾದಂಬರಿಕಾರ, 1843ರಲ್ಲಿ ಬಾಲೇಶ್ವರದಲ್ಲಿ ಹುಟ್ಟಿ 1918ರಲ್ಲಿ ತೀರಿಕೊಂಡವರು. ಅವರ ಪ್ರಸಿದ್ಧ ಕಾದಂಬರಿಯ ಹೆಸರು 'ಛ ಮಾಣ ಆಠ ಗುಂಠ', ಆ ಗುಂಠ ನಮ್ಮ ಗುಂಟೆಯೇ. ಹುಟ್ಟಿದಾಗ ಇಟ್ಟ ಹೆಸರು ಬ್ರಜಮೋಹನ. ಎಳೆ ವಯಸ್ಸಿನಲ್ಲೇ ತಂದೆ ತಾಯಿ ಹೋದರು. ಹುಡುಗ ಕಾಯಿಲೆ ಬಿದ್ದು ಉಳಿಯೋದೇ ಕಷ್ಟ ಅಂದಾಗ ಅಜ್ಜಿ ಅಲ್ಲಿನ ಪೀರರಿಗೆ ಹರಕೆ ಹೊತ್ತಳು, ಉಳಿದರೆ ಇವನನ್ನು ಫಕೀರನನ್ನಾಗಿ ಮಾಡ್ತೀನಿ ಅಂತ. ಉಳಿದ. ಪೂರ್ತಿ ಕೊಟ್ಟುಬಿಡಲು ಅಜ್ಜಿಗೆ ಮನಸ್ಸು ಬರಲಿಲ್ಲ. ಹೆಸರನ್ನು ಫಕೀರ್ ಮೋಹನ್ ಅಂತ ಬದಲಿಸಿ, ವರ್ಷಕ್ಕೊಮ್ಮೆ ಮೊಹರಂನ ಎಂಟು ದಿನ ಫಕೀರನ ಬಟ್ಟೆ ತೊಡಿಸಿ ಭಿಕ್ಷೆಗೆ ಕಳಿಸುತ್ತಿದ್ದಳು.

ರೊಟ್ಟಿ ಗಂಟು ಬಿಚ್ಚುತ್ತಿದ್ದ ಅವ್ವನಿಗೆ ಇದನ್ನು ಓದಿ ಹೇಳಿದೆ. ಒಡಿಶಾ ಎಲ್ಲಿ ಅಂತ ಕೇಳಿದಳು. ಸಮುದ್ರದ ಆ ಕಡೆ ದಂಡೆ, ಭಾಳ ದೂರ ಅಂದೆ.

"ಅಲ್ಲಿ ಆಯಿನೂ ಉಡಿ ಒಡ್ಡ್ಯಾಳ ಹಂಗಾರ" ಅಂದಳು. ಎರಡು ರೊಟ್ಟಿ ತೆಗೆದು, ಮೇಲೆ ಒಂದಿಷ್ಟು ಶೇಂಗಾ ಹಿಂಡಿ ಹಾಕಿ, ಪೇಪರಿನಲ್ಲಿ ಸುತ್ತಿದಳು. "ಹೋಗು, ಆ ಗೇಟಿನ ಹುಡುಗಗ ಕೊಟ್ಟು ಬಾ. ಹೋದ ಸಲ ಪಾಪ ಅವಗ ನಾ ಬೈದಿದ್ದೆ."